ಎಡಗೈಯ ಬೆಸಾಂವ್

ಸಂಜೆ ಆರು ನಲವತ್ತಕ್ಕೆ ಕರೆಂಟು ಹೋಯಿತು. ಬಸ್ಸಿನಿಂದ ಇಳಿದವಳು ಆಗಷ್ಟೇ ಮೊಬೈಲ್ ತೆಗೆದು ಸಮಯ ನೋಡಿದ್ದೆ, ಹಾಗಾಗಿ ಇಷ್ಟು ಸರಿಯಾಗಿ ಗೊತ್ತು. ಮೂಡುಬಿದಿರೆಯ ಕಾಲೇಜೊಂದರ ಕಚೇರಿಯಲ್ಲಿ ನನಗೆ ಕೆಲಸ. ಆ ದಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ತಡವಾಗಿತ್ತು. ವಾಮದಪದವಿನ ಅಂಗಡಿ ಸಾಲಿನ ದೀಪಗಳೆಲ್ಲ ಒಮ್ಮೆಲೇ ಆರಿದವು. "ಹೋಯ್ತು, ಇನ್ನು ನಾಳೆಗೇ," ಎಂದು ಬೇಕರಿಯವರು ಶಟರ್ ಎಳೆದರು. ಈಸ್ಟರ್ ಕಳೆದು ವಾರವಾಗಿರಲಿಲ್ಲ. ಆ ವರ್ಷದ ಮೊದಲ ಗುಡುಗು ಗುಡ್ಡದ ಆಚೆ ಉರುಳುತ್ತಿತ್ತು. ಕೊಡೆ ಬಿಡಿಸಿಕೊಂಡು ನಮ್ಮ ಮನೆಯ ಇಳಿಜಾರಿನಲ್ಲಿ ಬೇಗ ಬೇಗ ನಡೆದೆ.

ಅಂಗಳ ದಾಟುವಾಗಲೇ ಮೂಗಿಗೆ ಬಡಿಯಿತು. ಗ್ಯಾಸ್.

ಅಡುಗೆಮನೆಯ ಕಿಟಕಿ ಅಂಗಳದ ಕಡೆಗೇ ಇದೆ. ಮಳೆ ಒಳಗೆ ಹೊಡೆಯುತ್ತದೆಂದು ಅದನ್ನು ಮುಚ್ಚಿದ್ದರು. ಗಾಜಿನ ಆಚೆ ನನ್ನ ಅತ್ತೆ ಹೊಸ್ತಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದರು. ಮುಂದೆ ಒಂದು ಗೆರಟೆ, ಅದರಲ್ಲಿ ಒಣಗಿದ ತೆಂಗಿನ ಗರಿ, ಬಲಗೈಯಲ್ಲಿ ಬೆಂಕಿಕಡ್ಡಿ. ಒಂದು ಮಿಂಚಿನ ಬೆಳಕಿನಲ್ಲಿ ಇದಿಷ್ಟೂ ಕಂಡಿತು. "ಮಾಂಯ್, ಗೀರ್ಬೇಡಿ!" ಎಂದು ಕಿರುಚಿದೆ. ಮಿಂಚಿನ ಹಿಂದೆಯೇ ಅದರ ಗುಡುಗು ಬಂತು. ನನ್ನ ಕೂಗು ನನಗೇ ಕೇಳಿಸಲಿಲ್ಲ.

ಅವರು ಗೀರಿದರು.

ಗರಿಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಗುಡುಗುವಾಗ ಅಡುಗೆಮನೆಯ ನೆಲದ ಮೇಲೆ ಕೂತು ಬೆಂಕಿ ಹಚ್ಚುವವರು ಯಾರು ಎಂದು ಕೇಳುವವರಿದ್ದಾರೆ. ಗರಿಗಳ ಭಾನುವಾರ ಚರ್ಚಿನಲ್ಲಿ ಆಶೀರ್ವದಿಸಿ ಕೊಡುವ ತೆಂಗಿನ ಎಳೆಗರಿಯನ್ನು ನಾವು ಕ್ರೈಸ್ತರು ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತೇವೆ. ಸಿಡಿಲು ಬರುವಾಗ ಅದರ ಒಂದು ಎಸಳು ಸುಟ್ಟು ಹೊಗೆ ಹಾಕಿದರೆ ಮನೆಗೆ ಕೇಡಿಲ್ಲ ಎಂದು ನಂಬಿಕೆ. ಬೇರೆ ಮನೆಗಳಲ್ಲಿ ಅದನ್ನು ಅಂಗಳದಲ್ಲೋ ಜಗಲಿಯಲ್ಲೋ ಸುಡುತ್ತಾರೆ. ಅತ್ತೆಯ ತವರಿನಲ್ಲಿ, ಬೆಳ್ತಂಗಡಿಯ ಕಡೆ, ಅಡುಗೆಮನೆಯ ಹೊಸ್ತಿಲಲ್ಲೇ ಸುಡುವ ಕ್ರಮ. ಸೌದೆಯ ಒಲೆಯ ಕಾಲದಲ್ಲಿ ಕೆಂಡ ಅಲ್ಲೇ ಇರುತ್ತಿತ್ತು, ಗೆರಟೆಗೆ ಒಂದು ಕೆಂಡ ಎತ್ತಿ ಹಾಕಿದರೆ ಮುಗಿಯಿತು. ಒಲೆ ಹೋಗಿ ಸಿಲಿಂಡರ್ ಬಂದು ಎಷ್ಟೋ ವರ್ಷವಾಯಿತು, ಕ್ರಮ ಮಾತ್ರ ಹೊಸ್ತಿಲು ಬಿಟ್ಟು ಕದಲಲಿಲ್ಲ. ಇನ್ನೊಂದು: ಆ ವರ್ಷದ ಗರಿ ಇನ್ನೂ ಹಸಿ, ಹೊತ್ತಿಕೊಳ್ಳುವುದಿಲ್ಲ. ಅದಕ್ಕೆಂದೇ ಅತ್ತೆ ಹಿಂದಿನ ವರ್ಷದ ಎರಡು ಎಸಳು ತೆಗೆದಿಡುತ್ತಿದ್ದರು. ಹಳೆಯ ಗರಿಯನ್ನು ಬೂದಿ ಬುಧವಾರಕ್ಕೆ ಮೊದಲು ಚರ್ಚಿಗೆ ಹಿಂದಿರುಗಿಸಬೇಕು, ಅದನ್ನೇ ಸುಟ್ಟು ಹಣೆಗೆ ಹಚ್ಚುವುದು. ಈ ಎರಡು ಎಸಳು ಮುಂದೆ ನನ್ನ ತಲೆ ತಿನ್ನಲಿಕ್ಕಿದ್ದವು.

ಸ್ಟೌವಿನ ರಬ್ಬರ್ ಟ್ಯೂಬನ್ನು ಆ ಮಧ್ಯಾಹ್ನ ಇಲಿ ಕಡಿದಿತ್ತು. ಕೊರೊನಾ ಬಂದು ಹೋದ ಮೇಲೆ ಅತ್ತೆಗೆ ವಾಸನೆ ತಿಳಿಯುವುದಿಲ್ಲ. ಒಣಮೀನು ಸೀದರೂ ಅವರಿಗೆ ಹೊಗೆ ಕಂಡ ಮೇಲೆಯೇ ಗೊತ್ತಾಗುವುದು. ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹಾಸಿಕೊಂಡಿರುತ್ತದೆ. ಬೆಂಕಿ ಮೇಲಕ್ಕೆ ಏಳಲಿಲ್ಲ, ನೆಲದ ಉದ್ದಕ್ಕೂ ಓಡಿತು. ಆಮೇಲೆ ಒಂದು ಸದ್ದು. ಕಿಟಕಿಯ ಗಾಜು ನನ್ನ ಕೊಡೆಗೆ ಬಂದು ಬಡಿಯಿತು. ನಾನು ಒಳಗೆ ಹೋಗುವಷ್ಟರಲ್ಲಿ ಅತ್ತೆ ಹೊಸ್ತಿಲಿನಿಂದ ಹಿಂದಕ್ಕೆ, ಹಾಲ್‌ನಲ್ಲಿ ಬಿದ್ದಿದ್ದರು. ಹುಬ್ಬು, ಮುಂಗೂದಲು ಸುಟ್ಟಿತ್ತು. ಬಲಗೈ ಮಾತ್ರ ನೋಡುವ ಹಾಗಿರಲಿಲ್ಲ. ಪಕ್ಕದ ತೋಟದ ಶೆಟ್ಟರು ಸದ್ದು ಕೇಳಿ ಓಡಿಬಂದರು. ಗೋಣಿ ಒದ್ದೆ ಮಾಡಿ ಹೊದ್ದು ಒಳಗೆ ನುಗ್ಗಿ ರೆಗ್ಯುಲೇಟರ್ ತಿರುಗಿಸಿದರು. ಗಲ್ಫಿನ ಹೋಟೆಲುಗಳಲ್ಲಿ ದುಡಿದು ಬಂದವರಿಗೆ ಅಡುಗೆಮನೆಯ ಬೆಂಕಿ ಹೊಸತಲ್ಲ. ನಾನು ಏನು ಮಾಡಿದೆ? ಕೊಡೆ ಹಿಡಿದುಕೊಂಡೇ ನಿಂತಿದ್ದೆನಂತೆ.

ಶೆಟ್ಟರ ಕಾರಿನಲ್ಲೇ ಮಂಗಳೂರಿಗೆ ಹೊರಟೆವು. ಬಿ.ಸಿ.ರೋಡಿನಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿರುವ ನನ್ನ ಗಂಡ ಸರ್ಕಲಿನ ಬಳಿ ಕಾಯುತ್ತಿದ್ದ. ಅಲ್ಲಿ ಎರಡು ಖಾಸಗಿ ಬಸ್ಸುಗಳು ಒಂದೇ ಜನಕ್ಕಾಗಿ ಅಡ್ಡಡ್ಡ ನಿಂತು ದಾರಿ ಕಟ್ಟಿದ್ದವು. ಶೆಟ್ಟರು ತಲೆ ಹೊರಗೆ ಹಾಕಿ, "ಓ ಮಾರಾಯಾ, ಒಳಗೆ ಬಾಯಮ್ಮನ ಕೈ ಬೇಯ್ತಾ ಉಂಟು, ನಿನಗೆ ಟಿಕೆಟಿನ ಚಿಂತೆಯಾ!" ಎಂದು ಗದರಿದರು. ಬಾಯಮ್ಮ ಎಂದರೆ ನಮ್ಮ ಊರಿನಲ್ಲಿ ಕ್ರೈಸ್ತ ಹೆಂಗಸು. ಬಾಯಮ್ಮ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಜಪ ಹೇಳುತ್ತಿದ್ದರು. ನಡುವೆ ಒಮ್ಮೆ ಕಣ್ಣು ತೆರೆದು, "ರಾತ್ರಿಗೆ ಅನ್ನ ಇಡಲಿಲ್ಲ," ಎಂದರು.

ಜೀವಕ್ಕೆ ಅಪಾಯವಿಲ್ಲ ಎಂದು ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. ಅಂಗೈಗೆ ತೊಡೆಯ ಚರ್ಮ ತೆಗೆದು ಹಚ್ಚಿದರು. ಮನೆಗೆ ಕಳಿಸುವಾಗ ಡಾಕ್ಟರರು ಹೇಳಿದ ಮಾತು ಒಂದೇ: "ಇನ್ನು ಕೈ ನಿಮ್ಮದು. ದಿನಾ ಬೆರಳು ಬಿಡಿಸಬೇಕು, ನೋವಾದರೂ ಬಿಡಿಸಬೇಕು. ಬಿಟ್ಟರೆ ಚರ್ಮ ಎಳೆದು ಮುಷ್ಟಿ ಹಾಗೆಯೇ ಕೂತುಬಿಡ್ತದೆ. ಮತ್ತೆ ಬಿಚ್ಚುವುದಿಲ್ಲ." ಅತ್ತೆ ತಲೆಯಾಡಿಸಿದರು. ಕಾರಿನಲ್ಲಿ ಕೂತ ಮೇಲೆ ನನಗೆ ಹೇಳಿದರು, "ಅವರು ಹೇಳ್ತಾರೆ. ದೇವರು ನೋಡಿಕೊಳ್ತಾರೆ."

ಆಮೇಲೆ ಬಂದವರ ಕಾಟ. ನಮ್ಮಲ್ಲಿ ಯಾರಿಗಾದರೂ ಏನಾದರೂ ಆದರೆ ಚರ್ಚಿನ ವಾರ್ಡಿನವರೆಲ್ಲ ಆ ಮನೆಯಲ್ಲಿ ಸೇರಿ ಜಪಸರ ಹೇಳುವ ಪದ್ಧತಿ ಉಂಟು, ತೇರ್ಸ್ ಎನ್ನುತ್ತೇವೆ. ಪದ್ಧತಿ ಒಳ್ಳೆಯದೇ. ಜಪ ಮುಗಿದ ಮೇಲೆ ಚಹಾ ಕುಡಿಯುತ್ತ ಆಡುವ ಮಾತಿಗೆ ಮಾತ್ರ ಯಾರಾದರೂ ಬೀಗ ಹಾಕಬೇಕು.

"ಗರಿಯೇ ಕಾಪಾಡಿದ್ದು, ಬೇರೆ ಮಾತಿಲ್ಲ," ಎಂದರು ವಾರ್ಡಿನ ಮುಖ್ಯಸ್ಥರಾದ ಗುರಿಕಾರರು.

"ಗರಿಯಿಂದಲೇ ಅಲ್ವಾ ಸುಟ್ಟದ್ದು?" ಎಂದೆ.

"ಛೆ ಛೆ. ಅದು ಗ್ಯಾಸಿನಿಂದ. ಗರಿ ಇಲ್ಲದಿದ್ದರೆ ಮನೆಯೇ ಹೋಗ್ತಿತ್ತು."

"ಗರಿ ಇಲ್ಲದಿದ್ದರೆ ಕಡ್ಡಿಯನ್ನೇ ಗೀರ್ತಿರಲಿಲ್ಲ."

ಗಂಡ ನನ್ನ ಕಾಲು ತುಳಿದ. ಇನ್ನೊಬ್ಬ ಹೆಂಗಸು ಗೆರಟೆಯ ವಿಷಯ ವಿಚಾರಿಸಿ, ಅದು ಹಳೆಯ ವರ್ಷದ ಗರಿ ಎಂದು ಅತ್ತೆಯ ಬಾಯಿಂದಲೇ ಹೊರಡಿಸಿದರು. "ಹಾಗೆ ಹೇಳಿ ಮತ್ತೆ! ಹಳತು ಚರ್ಚಿಗೆ ಕೊಡಬೇಕಿತ್ತು. ಇಟ್ಟುಕೊಂಡದ್ದು ಕೊಡಲಿಕ್ಕಿರುವ ವಸ್ತು. ಅದಕ್ಕೇ." ಆ 'ಅದಕ್ಕೇ' ಊರೆಲ್ಲ ಸುತ್ತಿತು. ಅದು ಮೊದಲ ಜಪದ ದಿನ. ಎರಡನೆಯ ಜಪಕ್ಕೆ ಬಂದವರಿಗೆ ಕೇಳುವ ಮೊದಲೇ ಕಾರಣ ಗೊತ್ತಿತ್ತು. ಇಲಿಯ ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ಬೆಳ್ತಂಗಡಿಯಲ್ಲಿರುವ ನಾದಿನಿ ಧ್ಯಾನಕೂಟದಿಂದ ಎಣ್ಣೆ ತಂದಳು. ನನ್ನನ್ನು ಬದಿಗೆ ಕರೆದು, "ನೀನು ಇಷ್ಟು ಓದಿ ಓದಿ ಮನೆಯಲ್ಲಿ ನಂಬಿಕೆ ಕಡಿಮೆಯಾಗಿದೆ. ಇದು ಪರೀಕ್ಷೆ," ಎಂದಳು.

"ನನ್ನ ಪರೀಕ್ಷೆಗೆ ಮಾಂಯ್‌ಯವರ ಕೈ ಯಾಕೆ ಸುಡಬೇಕು?"

"ನೋಡು, ಇದೇ. ಈ ಪ್ರಶ್ನೆಯೇ."

ಶೆಟ್ಟರ ಹೆಂಡತಿ ಬಾಯಮ್ಮನ ಕೈಗಾಗಿ ತಮ್ಮ ಮನೆಯ ದೈವಕ್ಕೆ ಹರಕೆ ಹೇಳಿಕೊಂಡಿದ್ದರು. ಅದನ್ನು ಕೇಳಿ ನಾದಿನಿ ಹುಬ್ಬು ಗಂಟಿಕ್ಕಿದಳು. ಹುಬ್ಬಿಲ್ಲದ ಅತ್ತೆ ಮಂಚದಿಂದಲೇ, "ಹೇಳಿಕೊಳ್ಳಲಿ ಬಿಡು. ನಿನ್ನ ಹಾಗೆ ಕಾರಣ ಕೇಳಲಿಕ್ಕೆ ಬರಲಿಲ್ಲ ಅವಳು. ಗಂಜಿ ತಂದಿದ್ದಾಳೆ," ಎಂದರು. ಆ ಒಂದು ದಿನ ನನಗೆ ಅತ್ತೆಯ ಮೇಲೆ ಪ್ರೀತಿ ಉಕ್ಕಿತು. ಚರ್ಚಿನ ಪಾದ್ರಿಗಳೂ ಬಂದರು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಇವರೇನು ಹೇಳುತ್ತಾರೋ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ಹೊರಡುವಾಗ ಅವರು ಕೇಳಿದ್ದು, "ಟ್ಯೂಬ್ ಬದಲಾಯಿಸಿದಿರಾ? ಸಿಲಿಂಡರ್ ಹೊರಗೆ ಇಡಿಸಿ. ನಮ್ಮ ಅಡುಗೆಯವರಿಗೂ ಹೇಳಿದ್ದೇನೆ." ಅಷ್ಟೇ. ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ನನ್ನ ನಂಬಿಕೆ ಹೋಗಿತ್ತು ಎಂದು ಹೇಳಲಾರೆ. ಸಿಟ್ಟು ಬಂದಿತ್ತು. ಸಿಟ್ಟು ಬರಬೇಕಾದರೆ ಎದುರಿಗೆ ಒಬ್ಬರು ಇರಬೇಕಲ್ಲ. ಜಪಕ್ಕೆ ಕೂತರೆ ತುಟಿ ಅಲ್ಲಾಡುತ್ತಿತ್ತು, ಕಣ್ಣಿನೊಳಗೆ ಕಿಟಕಿಯ ಗಾಜು, ಗೆರಟೆ, ಕಡ್ಡಿ. ಗುಡುಗು ಒಂದು ಉಸಿರು ತಡವಾಗಿ ಬಂದಿದ್ದರೆ ನನ್ನ ಕೂಗು ಒಳಗೆ ಹೋಗುತ್ತಿತ್ತು. ಬಸ್ಸು ಕೆಡದಿದ್ದರೆ ನಾನೇ ಮನೆಯಲ್ಲಿರುತ್ತಿದ್ದೆ. ಗುಡುಗನ್ನು ಕಳಿಸುವವರು ಯಾರು ಎಂದು ಚಿಕ್ಕಂದಿನಿಂದ ನನಗೆ ಕಲಿಸಿದ್ದಾರೆ, ಹಾಗಾಗಿ ಯಾರ ಮೇಲೆ ಸಿಟ್ಟು ಮಾಡಬೇಕೆಂಬುದರಲ್ಲಿ ಗೊಂದಲವಿರಲಿಲ್ಲ. ಅತ್ತೆಯನ್ನು ನೋಡಿಕೊಳ್ಳಲೆಂದು ನಾನು ಅವರ ಕೋಣೆಯಲ್ಲೇ ಮಲಗುತ್ತಿದ್ದೆ. ನಿದ್ದೆ ಎಂಬುದು ಇಬ್ಬರಿಗೂ ಇರಲಿಲ್ಲ. ನಾನು ಎದ್ದು ಅಡುಗೆಮನೆಗೆ ಹೋಗಿ ಮೂಗರಳಿಸಿ ಬರುವುದು, ಅವರು ಮಗ್ಗುಲು ಬದಲಿಸುವುದು. ಬೆಳಗ್ಗೆ ಇಬ್ಬರೂ ಚೆನ್ನಾಗಿ ಮಲಗಿದೆವೆಂದು ಗಂಡನಿಗೆ ಹೇಳುವುದು.

ಕೈ ಮಾತ್ರ ದಿನದಿಂದ ದಿನಕ್ಕೆ ಮುದುಡುತ್ತಿತ್ತು. ಮೂಡುಬಿದಿರೆಯ ಫಿಸಿಯೋಥೆರಪಿಗೆ ವಾರಕ್ಕೆ ಎರಡು ಸಲ ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿದ್ದರು. ಅಲ್ಲಿಯ ಡಾಕ್ಟರಮ್ಮನ ಎದುರು ಒಳ್ಳೆಯ ವಿದ್ಯಾರ್ಥಿ. ಮನೆಗೆ ಬಂದರೆ ಕೈಯನ್ನು ಸೆರಗಿನೊಳಗೆ ಅಡಗಿಸಿಬಿಡುವರು.

"ಮಾಂಯ್, ಬೆರಳು ಬಿಡಿಸುವ."

"ಇವತ್ತು ಶುಕ್ರವಾರ."

"ಶುಕ್ರವಾರ ಆದರೆ ಎಂತ? ಮಾಂಸ ಬಿಟ್ಟರೂ ಮೀನು ತಿನ್ನುವುದಿಲ್ಲವಾ ನೀವು?"

"ನಾಳೆ ಮಾಡುವ. ನಂಬಿಕೆ ಇಡು ಮಾರಾಯ್ತಿ. ಇಷ್ಟು ಕಾಪಾಡಿದವರು ಬೆರಳು ಬಿಟ್ಟುಬಿಡ್ತಾರಾ?"

ನಂಬಿಕೆ ಇಡು! ಆ ಮಾತು ಕೇಳಿದರೆ ನನ್ನ ಮೈ ಉರಿಯುತ್ತಿತ್ತು. ಕಿರುಬೆರಳು, ಉಂಗುರದ ಬೆರಳು ಆಗಲೇ ಅಂಗೈಗೆ ಅಂಟಿದ ಹಾಗೆ ಬಾಗಿದ್ದವು. ಇನ್ನೊಂದು ತಿಂಗಳು ಹೀಗೆಯೇ ಆದರೆ ಮತ್ತೊಂದು ಆಪರೇಷನ್, ಅದೂ ಸರಿಯಾದೀತೆಂಬ ಭರವಸೆ ಇಲ್ಲ ಎಂದು ಡಾಕ್ಟರಮ್ಮ ನನ್ನ ಹತ್ತಿರ ಬಿಡಿಸಿ ಹೇಳಿದ್ದರು. ಈ ಕೈ ಮೀನು ಕೊಯ್ದ ಕೈ, ಮಲ್ಲಿಗೆ ಕಟ್ಟಿದ ಕೈ, ಈಗ ಹಾಸ್ಟೆಲಿನಲ್ಲಿರುವ ಮಗನ ಬಾಣಂತನದಲ್ಲಿ ನನ್ನ ಬೆನ್ನಿಗೆ ಎಣ್ಣೆ ತಿಕ್ಕಿದ ಕೈ. ದೇವರು ನೋಡಿಕೊಳ್ಳುತ್ತಾರೆ ಎಂದು ಅದನ್ನು ಸೆರಗಿನೊಳಗೆ ಇಟ್ಟರೆ ದೇವರಿಗೆ ಕಾಣುವುದಾದರೂ ಹೇಗೆ?

ನಮ್ಮ ಮನೆಗಳಲ್ಲಿ ಸಂಜೆಯ ತೇರ್ಸ್ ಮುಗಿದ ಕೂಡಲೇ ಚಿಕ್ಕವರು ಹಿರಿಯರ ಮುಂದೆ ಹೋಗಿ ಬೆಸಾಂವ್ ಕೇಳುತ್ತಾರೆ. ಬೆಸಾಂವ್ ಎಂದರೆ ಆಶೀರ್ವಾದ. ಹಿರಿಯರು ಬಲಗೈಯ ಹೆಬ್ಬೆರಳಿನಿಂದ ಹಣೆಯ ಮೇಲೆ ಶಿಲುಬೆ ಬರೆಯುತ್ತಾರೆ. ಎಷ್ಟು ಜಗಳವಾಗಿದ್ದರೂ ಬೆಸಾಂವ್ ತಪ್ಪಿಸುವ ಹಾಗಿಲ್ಲ. ಮದುವೆಯಾಗಿ ಬಂದಂದಿನಿಂದ ನಾನೂ ತಪ್ಪಿಸಿರಲಿಲ್ಲ. ಬೆಂಕಿಯ ನಂತರ ಅತ್ತೆ ಎಡಗೈಯಿಂದ ಕೊಡುತ್ತಿದ್ದರು. ಯಾರೂ ಏನೂ ಹೇಳಿರಲಿಲ್ಲ.

ಮಳೆಗಾಲ ಹಿಡಿದ ಒಂದು ಸಂಜೆ, ಕಾಲೇಜಿನಲ್ಲಿ ಅಡ್ಮಿಷನ್ನಿನ ಗಲಾಟೆ ಮುಗಿಸಿ, ಬಸ್ಸಿನಲ್ಲಿ ನಿಂತೇ ಬಂದು, ಬೆರಳು ಬಿಡಿಸುವ ಎಂದರೆ ಅತ್ತೆ "ನಾಳೆ" ಎಂದಿದ್ದರು. ಜಪ ಮುಗಿಯಿತು. ಗಂಡ ಬೆಸಾಂವ್ ತೆಗೆದುಕೊಂಡ. ನನ್ನ ಸರದಿ. ಎಡಗೈ ಮೇಲೇರಿತು. ನಾನು ಹಿಂದೆ ಸರಿದೆ.

"ಎಡಗೈಯ ಬೆಸಾಂವ್ ನನಗೆ ಬೇಡ."

"ಏನು ಹೇಳ್ತಾ ಇದ್ದೀ ನೀನು?" ಗಂಡ ಎದ್ದು ನಿಂತ.

"ಬಲಗೈ ಉಂಟಲ್ಲ. ಬಿಚ್ಚಿದರೆ ಬಿಚ್ಚುತ್ತದೆ. ಬಿಚ್ಚಿದ ದಿನ ತೆಗೆದುಕೊಳ್ತೇನೆ. ಅಲ್ಲಿಯವರೆಗೆ ನನಗೆ ಬೆಸಾಂವ್ ಇಲ್ಲದಿದ್ದರೂ ನಡೀತದೆ."

ಅತ್ತೆಯ ಎಡಗೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಮಡಿಲಿಗೆ ಇಳಿಯಿತು. ಗಂಡ ಅಂಗಳಕ್ಕೆ ಹೋದ. ಮರುದಿನ ಅತ್ತೆ ನನ್ನ ಚಹಾ ಮುಟ್ಟಲಿಲ್ಲ, ಶೆಟ್ಟರ ಮನೆಯಿಂದ ತರಿಸಿ ಕುಡಿದರು. ಅಲ್ಲಿಗೆ ಸುದ್ದಿಯೂ ಹೋಯಿತು. ನಾದಿನಿ ಬೆಳ್ತಂಗಡಿಯಿಂದ ಫೋನ್ ಮಾಡಿ ಅತ್ತಳು. ನಾನು ಕಾಲೇಜಿಗೆ ಹೋಗಿ ಬಂದೆ, ಅಡುಗೆ ಮಾಡಿದೆ, ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಟ್ಟೆ.

ಭಾನುವಾರ ಪೂಜೆಯಿಂದ ಬಂದು ನಾನು ಕೋಳಿ ಸಾರು ಮಾಡಲು ಈರುಳ್ಳಿ ಹೆಚ್ಚುತ್ತಿದ್ದೆ. ಅತ್ತೆ ಬಂದು ಹೊಸ್ತಿಲ ಆಚೆ ನಿಂತರು. ಬೆಂಕಿಯಾದಂದಿನಿಂದ ಅವರು ಆ ಹೊಸ್ತಿಲು ದಾಟಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ಆಗಲೇ.

"ನಿನಗೆ ಓದಿದ ಅಹಂಕಾರ," ಎಂದರು.

"ಇರಬಹುದು."

"ದೇವರು ನೋಡಿಕೊಳ್ತಾರೆ ಅಂತ ಹೇಳಿದರೆ ಕೈ ಬಿಚ್ಚುವುದು ತಪ್ಪುತ್ತದೆ, ಅದಕ್ಕೆ ಹೇಳಿದೆ."

ನಾನು ಕತ್ತಿ ಕೆಳಗಿಟ್ಟೆ. "ನೋವಾ?"

"ನೋವು ನನಗೆ ಹೊಸತಾ? ಐದು ಹೆತ್ತಿದ್ದೇನೆ." ಅವರು ನನ್ನ ಮುಖ ನೋಡಲಿಲ್ಲ, ನೆಲ ನೋಡಿದರು. "ಕೈ ಬಿಚ್ಚಿದರೆ ಕಡ್ಡಿ ಕಾಣ್ತದೆ. ಬೆರಳ ನಡುವೆ. ಉರಿಯುತ್ತಾ ಇರ್ತದೆ. ಮುಚ್ಚಿದರೆ ಇಲ್ಲ."

ಇಷ್ಟು ದಿನ ಪಕ್ಕಪಕ್ಕದ ಮಂಚದಲ್ಲಿ ಬಿದ್ದುಕೊಂಡು ಇಬ್ಬರೂ ಅದೇ ಕಡ್ಡಿಯನ್ನು ನೋಡುತ್ತಿದ್ದೆವು. ಅವರು ಹೊಸ್ತಿಲಿನಿಂದ, ನಾನು ಕಿಟಕಿಯಿಂದ. ಇದನ್ನು ಹೇಳಲು ಈ ಹೆಂಗಸಿಗೆ ಇಷ್ಟು ತಿಂಗಳು ಬೇಕಾಯಿತಲ್ಲ ಎಂದು ನನಗೆ ಮತ್ತೆ ಸಿಟ್ಟೇ ಬಂತು. "ಮೊದಲೇ ಹೇಳಲಿಕ್ಕೆ ಏನಾಗಿತ್ತು?" ಎಂದೆ.

"ಹೇಳಿದರೆ ನಂಬಿಕೆ ಇಲ್ಲದವಳು ಅಂತಾರಲ್ಲ. ಅಷ್ಟು ಜನ ಬಂದು ನನ್ನ ಧೈರ್ಯ ಹೊಗಳಿ ಹೋಗಿದ್ದಾರೆ."

ಅಂದು ಸಂಜೆಯಿಂದ ಜಪ ಹೇಳುತ್ತಲೇ ಬೆರಳು ಬಿಡಿಸುವುದು ಶುರುವಾಯಿತು. ಅವರ ಉಪಾಯವೇ. ಜಪ ಹೇಳುವಾಗ ಕಣ್ಣು ಮುಚ್ಚಿರುತ್ತದೆ, ಕೈ ನೋಡಬೇಕಾಗಿಲ್ಲ. ಕೈ ನನ್ನ ಮಡಿಲಲ್ಲಿ. ಒಂದು ಮಣಿಗೆ ಒಂದು ಬೆರಳು. ಭಕ್ತಿಯ ದೃಶ್ಯವೇನಲ್ಲ. ನಮೋ ಮರಿಯಾ ಅರ್ಧಕ್ಕೆ ನಿಂತು "ಅಯ್ಯೋ, ಕೊಂದಳು, ಕೊಂದಳು" ಆಗುತ್ತಿತ್ತು. ಗಂಡ ಉಳಿದರ್ಧವನ್ನು ಒಬ್ಬನೇ ಮುಗಿಸುತ್ತಿದ್ದ. ನಾನು ಮಣಿ ತಪ್ಪಿಸುತ್ತೇನೆಂದು ಅವರು, ಅವರು ಕೈ ಎಳೆದುಕೊಳ್ಳುತ್ತಾರೆಂದು ನಾನು. ಬಂದು ಹೋಗುವ ಗುರಿಕಾರರು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿ, "ಇದೆಂಥ ತೇರ್ಸ್ ಮಾರಾಯ್ರೆ, ಜಗಳವಾ?" ಎಂದರು. "ಎರಡೂ," ಎಂದರು ಅತ್ತೆ. ಆದರೆ ನನ್ನ ತುಟಿಯ ಜಪಕ್ಕೆ ಬಹಳ ದಿನಗಳ ಮೇಲೆ ಒಂದು ಕೆಲಸ ಸಿಕ್ಕಿತ್ತು. ಆ ಹೊತ್ತಿನಲ್ಲಿ ಕಿಟಕಿಯ ಗಾಜು ಅಷ್ಟಾಗಿ ಕಾಣುತ್ತಿರಲಿಲ್ಲ.

ಸೆಪ್ಟೆಂಬರಿನ ತೆನೆ ಹಬ್ಬ ಬರುವಾಗ ಉಂಗುರದ ಬೆರಳು ನೇರವಾಯಿತು. ಕಿರುಬೆರಳು ಇವತ್ತಿಗೂ ಪೂರ್ತಿ ಬಿಚ್ಚಿಲ್ಲ. ಬೆಸಾಂವ್ ಮಾತ್ರ ಅವರೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಹಠ ಎರಡೂ ಕಡೆ ಉಂಟು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಆಕಾಶ ಮತ್ತೆ ಹಾಗೆಯೇ ಕಪ್ಪಾಯಿತು. ಮೊದಲ ಗುಡುಗಿಗೆ ನನ್ನ ಕೈಯಿಂದ ಲೋಟ ಬಿತ್ತು. ಕರೆಂಟು ಹೋಯಿತು. ಹಾಲ್‌ನಿಂದ ಅತ್ತೆಯ ದನಿ: "ಗರಿ ಎಲ್ಲಿ ಉಂಟು?"

"ಮಾಂಯ್, ಬೇಡ."

"ಯಾಕೆ ಬೇಡ? ಈ ವರ್ಷದ್ದೇ ಈಗ ಒಣಗಿದೆ. ಹಳತು ಅಂತ ಯಾರೂ ಬಾಯಿ ಬಿಡುವ ಹಾಗಿಲ್ಲ."

ಗಂಡ ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ನಾನು ಟಾರ್ಚ್ ಹಿಡಿದು ಹೊರಗಿನ ಗೂಡಿನಲ್ಲಿಟ್ಟಿದ್ದ ಸಿಲಿಂಡರ್ ನೋಡಿದೆ, ಬಂದ್ ಆಗಿತ್ತು. ಮತ್ತೊಮ್ಮೆ ನೋಡಿದೆ. ಕಿಟಕಿಗಳನ್ನೆಲ್ಲ ತೆರೆದೆ, ಮಳೆ ಒಳಗೆ ಬಂದರೆ ಬರಲಿ. "ಇಲ್ಲಿ ಅಲ್ಲ, ಜಗಲಿಯಲ್ಲಿ," ಎಂದೆ. ತವರಿನ ಕ್ರಮದ ಬಗ್ಗೆ ಏನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ, ಶಿಲುಬೆಯ ಹಿಂದಿನಿಂದ ಒಂದು ಎಸಳು ಕಿತ್ತುಕೊಂಡು ಹೊರಗೆ ನಡೆದರು. ಜಗಲಿಗೆ ಗೆರಟೆ ತಂದಿಟ್ಟೆ. ಕಡ್ಡಿ ಪೆಟ್ಟಿಗೆ ನನ್ನ ಕೈಯಲ್ಲಿತ್ತು.

"ವಾಸನೆ ಉಂಟಾ?" ಅತ್ತೆ ಕೇಳಿದರು.

"ಇಲ್ಲ."

"ಸರಿ ನೋಡಿದ್ದೀಯಾ? ನನಗೆ ಮೂಗಿಲ್ಲ, ನಿನ್ನದೇ ಮೂಗು."

"ಎರಡು ಸಲ ನೋಡಿದ್ದೇನೆ."

"ಹಾಗಾದರೆ ಗೀರು."

ಆಗಲಿಲ್ಲ. ಎರಡು ಕಡ್ಡಿ ನನ್ನ ಬೆರಳಲ್ಲೇ ಮುರಿದವು. ಆಗ ಅವರು ಎದುರಿಗೆ ಬಂದು ಕೂತು ತಮ್ಮ ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದರು. ಹಚ್ಚಿದ ಚರ್ಮ ದೊರಗು, ಕಿರುಬೆರಳು ಕೊಕ್ಕೆಯ ಹಾಗೆ ಚುಚ್ಚುತ್ತಿತ್ತು, ಹಿಡಿತ ಮಾತ್ರ ಗಟ್ಟಿ. ಕಣ್ಣು ಅವರು ಮುಚ್ಚಲಿಲ್ಲ, ನಾನೂ ಮುಚ್ಚಲಿಲ್ಲ. ಮೂರನೆಯ ಕಡ್ಡಿ ಹೊತ್ತಿತು. ಗುಡುಗಿತು. ಕಡ್ಡಿ ಕಡ್ಡಿಯಷ್ಟೇ ಉರಿಯಿತು. ಗರಿಗೆ ತಾಗಿಸಿದೆ. ಹೊಗೆ ಎದ್ದು ನಮ್ಮಿಬ್ಬರ ಕಣ್ಣಿಗೂ ನೀರು ತರಿಸಿ ಒಳಗೆ ಹೋಯಿತು.

"ಈ ಹೊಗೆಯಿಂದ ಸಿಡಿಲು ನಿಲ್ಲುವುದಿಲ್ಲ, ಗೊತ್ತುಂಟಲ್ಲ," ಎಂದೆ.

"ಸಿಡಿಲು ನಿಲ್ಲಿಸಲಿಕ್ಕೆ ಹೇಳಿದವರು ಯಾರು? ನಾವಿಬ್ಬರೇ ಕೂತಿಲ್ಲ ಅಂತ ಗೊತ್ತಾದರೆ ಸಾಕು ನನಗೆ." ನನ್ನ ಮಣಿಕಟ್ಟು ಬಿಟ್ಟು ಅದೇ ಕೈಯ ಹೆಬ್ಬೆರಳಿನಿಂದ ನನ್ನ ಹಣೆಯ ಮೇಲೆ ಶಿಲುಬೆ ಎಳೆದರು, ಕೇಳುವ ಮೊದಲೇ. ಮಸಿ ಹತ್ತಿತ್ತೆಂದು ಗಂಡ ಬಂದು ನಕ್ಕಾಗ ಗೊತ್ತಾಯಿತು.

ಮರುದಿನ ಕಣ್ಣು ಬಿಡುವಾಗ ಬಿಸಿಲು ಕಿಟಕಿಯ ಸರಳು ದಾಟಿ ಅತ್ತೆಯ ಮಂಚದವರೆಗೆ ಬಂದಿತ್ತು. ಅಡುಗೆಮನೆಗೆ ಎದ್ದು ಹೋದ ನೆನಪೇ ನನಗಿಲ್ಲ. ಅತ್ತೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು, ಬಲಗೈ ಹಾಸಿಗೆಯ ಅಂಚಿನಲ್ಲಿ ಅಂಗಾತ ಬಿದ್ದಿತ್ತು. ಮೀನಿನವನ ಸ್ಕೂಟರ್ ಹಾರ್ನ್ ಗೇಟಿನಲ್ಲಿ ಕೂಗಿ ಕೂಗಿ, ಇಳಿಜಾರು ಹತ್ತಿ ದೂರವಾಗಿದ್ದು ನಿದ್ದೆಯ ಕೊನೆಯಲ್ಲಿ ಕೇಳಿದ ಹಾಗಿತ್ತು. ಅತ್ತೆ ಎದ್ದು ಗಡಿಯಾರ ನೋಡಿದವರೇ ಕೂಗಿದರು: "ಬಂಗುಡೆ ಹೋಯಿತಲ್ಲ! ಒಬ್ಬಳಾದರೂ ಎಚ್ಚರ ಇರಬಾರದಾ ಈ ಮನೆಯಲ್ಲಿ?" ಆ ಮೀನಿಗಾಗಿ ಇಡೀ ದಿನ ನನ್ನನ್ನು ಬೈದರು.